ಹನ್ನೆರಡನೇ ಬೋರಿನ ಹದಿಮೂರು ಕಲ್ಲು

ಎಲ್ಲರೂ ಶೆಡ್ಡಕ್ಕ ಎಂದು ಕರೆಯುವ ನಾನು, ವಯಸ್ಸು 46 ವರ್ಷ, ಉದ್ಯೋಗ ನಿಕ್ಕಲ್ ಮತ್ತು ತಾಮ್ರದ ಅದಿರು ಹುಡುಕುವ ಕ್ಯಾಂಪಿನಲ್ಲಿ ಕೋರ್ ಶೆಡ್ಡಿನ ಉಸ್ತುವಾರಿ, ವಾಸ ಕೆಲಸಗಾರರ ವಸತಿ ಸಾಲು, ಮನೆ ನಂಬರ್ 7. ದಿನಾಂಕ 15-05ರಂದು ಇದೇ ಠಾಣೆಯಲ್ಲಿ ಒಂದು ಹೇಳಿಕೆ ಕೊಟ್ಟಿರುತ್ತೇನೆ. ಅದರಲ್ಲಿ ಬಿಟ್ಟುಹೋದ, ಅಲ್ಲ, ನಾನೇ ಬೇಕೆಂದು ಬಿಟ್ಟ ಸಂಗತಿಗಳನ್ನು ಈ ಎರಡನೇ ಹೇಳಿಕೆಯಲ್ಲಿ ತಿಳಿಸುವುದೇನೆಂದರೆ,

ಬೋರು ಕೊರೆದಾಗ ಯಂತ್ರದ ಕೊಳವೆಯೊಳಗೆ ದುಂಡನೆಯ ಉದ್ದ ಕಲ್ಲು ಮೇಲೆ ಬರುತ್ತದೆ. ಅದನ್ನು ಕೋರ್ ಎನ್ನುತ್ತಾರೆ. ಅದು ತುಂಡು ತುಂಡಾಗಿ ಬಾಕ್ಸಿನಲ್ಲಿ ಶೆಡ್ಡಿಗೆ ಬರುತ್ತದೆ. ಒಂದು ಬಾಕ್ಸಿಗೆ ಐದು ಸಾಲು, ಸಾಲಿಗೆ ಒಂದು ಮೀಟರ್. ನಾನು ತೊಳೆದು, ಒಡೆದ ತುದಿಗಳನ್ನು ಕೂಡಿಸಿ, ಪ್ರತಿ ತುಂಡಿನ ಮೇಲೆ ಬೋರಿನ ನಂಬರ್ ಬರೆದು, ಗರಗಸದಿಂದ ಉದ್ದಕ್ಕೆ ಸೀಳುತ್ತೇನೆ. ಅರ್ಧ ಲ್ಯಾಬಿಗೆ ಹೋಗುತ್ತದೆ, ಅರ್ಧ ಬಾಕ್ಸಿನಲ್ಲೇ ಉಳಿಯುತ್ತದೆ. ಈ ಕೆಲಸದಲ್ಲಿ ಹನ್ನೊಂದು ವರ್ಷ ನನ್ನತ್ತ ಯಾರೂ ಬೆರಳು ತೋರಿಸಿದ್ದಿಲ್ಲ. ಶೆಡ್ಡಕ್ಕನ ಕಣ್ಣು ತಪ್ಪಿಸಿ ಇರುವೆಯೂ ಒಳಗೆ ಹೋಗಲ್ಲ ಎಂದು ಜಿಯಾಲಜಿಸ್ಟ್ ಮೇಡಂ ನಗುತ್ತಿದ್ದರು. ಆ ಮಾತು ಕೇಳಿ ನನಗೆ ಸ್ವಲ್ಪ ಜಂಬವೂ ಇತ್ತು.

ಈಗ ಲಾಕಪ್ಪಿನಲ್ಲಿರುವ ಡ್ರಿಲ್ಲರ್ ನನ್ನ ಒಡಹುಟ್ಟಿದ ತಮ್ಮ, ವಯಸ್ಸು 34. ಅವನಿಗೆ ಆರು ವರ್ಷವಿದ್ದಾಗ ತಾಯಿ ತೀರಿಕೊಂಡರು. ಅಂದಿನಿಂದ ಅವನನ್ನು ಸಾಕಿದವಳು ನಾನು. ಅವನೂ ಅವನ ಹೆಂಡತಿಯೂ ನನ್ನ ಮನೆಯಲ್ಲೇ ಇರುತ್ತಾರೆ. ಕ್ಯಾಂಪಿನ ಪಶ್ಚಿಮದ ಗುಡ್ಡದಲ್ಲಿ ಅದಿರು ಇರುವುದು ಮೊದಲೇ ಗೊತ್ತಿದ್ದು, ಅಲ್ಲಿ ಬೇರೆ ತಂಡದ ದೊಡ್ಡ ಯಂತ್ರ ಕೊರೆಯುತ್ತಿತ್ತು. ತಮ್ಮನ ಸಣ್ಣ ಯಂತ್ರಕ್ಕೆ ಪೂರ್ವದ ಬಯಲು. ಅಲ್ಲಿ ಬೂದು ಕಲ್ಲು ಬಿಟ್ಟು ಏನೂ ಸಿಕ್ಕಿರಲಿಲ್ಲ. 12ನೇ ಬೋರೂ ಬರಿದಾದರೆ ಪೂರ್ವದ ಕೆಲಸ ನಿಲ್ಲಿಸುವುದೆಂದು ತೀರ್ಮಾನವಾಗಿತ್ತು.

ದಿನಾಂಕ 06-03ರಂದು ಮಧ್ಯಾಹ್ನ 1.15ಕ್ಕೆ ಮನೆಯಲ್ಲಿ ಊಟಕ್ಕೆ ಕೂತಾಗ ತಮ್ಮನು, ಪೂರ್ವದ ಕೆಲಸ ನಿಂತರೆ 600 ಕಿಲೋಮೀಟರ್ ದೂರದ ಇನ್ನೊಂದು ಕ್ಯಾಂಪಿಗೆ ತನ್ನನ್ನು ಕಳಿಸುತ್ತಾರೆ, ಹೆಂಡತಿಯನ್ನೂ ಕರೆದುಕೊಂಡು ಹೋಗುತ್ತೇನೆ ಎಂದು ತಿಳಿಸಿದನು. ಅಲ್ಲಿ ಎರಡು ಕೋಣೆಯ ಮನೆ ಕೊಡುತ್ತಾರಂತೆ. ಅವನ ಹೆಂಡತಿ ನಗುತ್ತಾ ತಟ್ಟೆ ಎತ್ತಿಕೊಂಡು ಹೋದಳು. ಅವರಿಬ್ಬರಿಗೂ ಇದು ಮೊದಲೇ ಗೊತ್ತಿತ್ತು, ನನಗೊಬ್ಬಳಿಗೇ ಹೊಸ ಸುದ್ದಿ. ನಾನು ಏನೂ ಹೇಳದೆ ಕೈ ತೊಳೆದು 1.40ಕ್ಕೆ ಶೆಡ್ಡಿಗೆ ಬಂದೆನು.

ಸುಮಾರು 3.40ಕ್ಕೆ ತಮ್ಮನು 12ನೇ ಬೋರಿನ 29ನೇ ಬಾಕ್ಸನ್ನು, ಅಂದರೆ 140ರಿಂದ 145 ಮೀಟರ್ ಆಳದ ಕೋರನ್ನು, ಜೀಪಿನಲ್ಲಿ ತಂದು ಬಾಗಿಲ ಬಳಿ ಇಳಿಸಿದನು. ಅಲ್ಲೇ ಪಶ್ಚಿಮದ ತಂಡ ಗುತ್ತಿಗೆ ಮುಗಿಸಿ ಕ್ಯಾಂಪ್ ಬಿಟ್ಟುಹೋಗುವ ಮುನ್ನ ಇಟ್ಟುಹೋದ 11ನೇ ಬೋರಿನ 29ನೇ ಬಾಕ್ಸ್ ಇತ್ತು. ಬಾಕ್ಸನ್ನು ಇಬ್ಬರು ಎತ್ತಬೇಕು, ಒಂದು ಸಲಕ್ಕೆ ಒಂದೇ ಎತ್ತಬೇಕು ಎಂಬುದು ನಿಯಮ. ತಮ್ಮನು ಒಂದು ಕಡೆ ಹಿಡಿಯಲು ಬಂದಾಗ, "ನನ್ನ ಶೆಡ್ಡಿನ ಕೆಲಸ ನಂಗೆ ಗೊತ್ತು. ಕೆಸರು ಬೂಟು ಹಾಕ್ಕೊಂಡು ಒಳಗೆ ಬರ್ಬೇಡ, ಹೋಗು" ಎಂದು ಗದರಿದೆನು. ಅವನು, "ಆಯ್ತಮ್ಮಾ ಮಹಾರಾಣಿ" ಎಂದು ಹೇಳಿ ಹೊರಟುಹೋದನು.

ಸಿಟ್ಟಿನಲ್ಲಿ ನಾನೊಬ್ಬಳೇ ಎರಡೂ ಬಾಕ್ಸುಗಳನ್ನು ಎಳೆದಾಡಿ ಒಂದರ ಮೇಲೊಂದು ತಳ್ಳುಗಾಡಿಗೆ ಹೇರಿದೆನು. 3.55ಕ್ಕೆ, ಗರಗಸದ ನೀರು ಹರಿಯುವ ಕಾಲುವೆಯ ಹತ್ತಿರ, ಗಾಡಿಯ ಮುಂದಿನ ಚಕ್ರ ಸಿಕ್ಕಿಕೊಂಡು ಎರಡೂ ಬಾಕ್ಸು ಮಗುಚಿ ಬಿದ್ದವು. ಹತ್ತು ಮೀಟರ್ ಕಲ್ಲು ನೆಲದಲ್ಲಿ ಚೆಲ್ಲಾಪಿಲ್ಲಿಯಾಯಿತು. ತೊಳೆಯದ ಕಲ್ಲಾದ್ದರಿಂದ ಯಾವುದರ ಮೇಲೂ ನಂಬರ್ ಇರಲಿಲ್ಲ. ನಾನು ಬಾಗಿಲು ಮುಂದೆ ಮಾಡಿದೆನು. ಮೊದಲು ಮಾಡಿದ ಕೆಲಸ ಅದೇ.

ಬೂದು ಕಲ್ಲು ಎರಡೂ ಬೋರಿನಲ್ಲಿ ಅವಳಿ ಮಕ್ಕಳ ಹಾಗೆ ಒಂದೇ ತರ ಇತ್ತು. ತುದಿ ಕೂಡಿಸಿ ಆದಷ್ಟು ಜೋಡಿಸಿದೆನು. ಕೊನೆಗೆ ಹದಿಮೂರು ತುಂಡು ಬೇರೆಯಾಗಿ ಉಳಿದವು. ಕಂಚಿನ ಬಣ್ಣ, ಕೈಗೆತ್ತಿಕೊಂಡರೆ ಮಣಿಕಟ್ಟು ಬಾಗುವಷ್ಟು ಭಾರ, ಜೇಬಿನ ಅಯಸ್ಕಾಂತ ಹಿಡಿದರೆ ತಟ್ಟನೆ ಅಂಟುತ್ತಿತ್ತು. ಒಟ್ಟು ಉದ್ದ 2 ಮೀಟರ್ 40 ಸೆಂಟಿಮೀಟರ್. ಬಿದ್ದ ಪೆಟ್ಟಿಗೆ ಅವುಗಳ ತುದಿ ಪುಡಿಯಾಗಿದ್ದರಿಂದ ಯಾವ ಬಾಕ್ಸಿಗೆ ಇಟ್ಟರೂ ಅಳತೆ ಕೂಡುತ್ತಿತ್ತು. ಆದರೆ ಅವು ಪಶ್ಚಿಮದ ಕಲ್ಲೆಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದರೆ ದೇವರು ಮೆಚ್ಚುವುದಿಲ್ಲ.

ನಾನು ಅವುಗಳನ್ನು ತಮ್ಮನ 12ನೇ ಬೋರಿನ ಬಾಕ್ಸಿಗೆ ಇಟ್ಟು, ಅಷ್ಟೇ ಉದ್ದದ ಬೂದು ಕಲ್ಲನ್ನು 11ನೇ ಬೋರಿನ ಬಾಕ್ಸಿಗೆ ತುಂಬಿದೆನು. ಅವನ ಬೋರಿನಲ್ಲಿ ಅದಿರು ಸಿಕ್ಕರೆ ಅವನು ಇಲ್ಲೇ ಉಳಿಯುತ್ತಾನೆ ಎಂಬುದು ಬಿಟ್ಟು ಬೇರೆ ಏನೂ ಆಗ ನನ್ನ ತಲೆಯಲ್ಲಿರಲಿಲ್ಲ. ಹದಿಮೂರೂ ತುಂಡಿನ ಮೇಲೆ ಹಳದಿ ಬಳಪದಲ್ಲಿ 12 ಎಂದು ಬರೆದೆನು. ಎಲ್ಲಾ ಮುಗಿದಾಗ 5.20. ಕೈಯಲ್ಲಿ ಗಂಧಕದ ವಾಸನೆ ಇತ್ತು, ಎರಡು ಸಲ ಸೋಪು ಹಾಕಿದರೂ ಹೋಗಲಿಲ್ಲ.

ದಿನಾಂಕ 08-03ರಂದು ಬೆಳಿಗ್ಗೆ 10.30ಕ್ಕೆ ಪ್ರವಾಸದಿಂದ ಮರಳಿದ ಮೇಡಂ ಬಾಕ್ಸ್ ನೋಡಿ ಮಕ್ಕಳ ಹಾಗೆ ಕುಣಿದರು. 11ನೇ ಬೋರು ಬರಿದಾಗಿದ್ದಕ್ಕೆ, ಈ ಜಾತಿಯ ಅದಿರು ಒಂದು ಕಡೆ ದಪ್ಪ, ಮತ್ತೊಂದು ಕಡೆ ಮಾಯ ಎಂದು ತಾವೇ ಸಮಾಧಾನ ಹೇಳಿಕೊಂಡರು. ತಮ್ಮನನ್ನು ಕರೆಸಿ, ಈ ಕಲ್ಲು ಮೇಲೆ ಬಂದಾಗ ನೀವೇ ನೋಡಿದಿರಾ ಎಂದು ಕೇಳಿದರು. ಅವನು ಬಾಕ್ಸ್ ನೋಡಿದನು. ಆಮೇಲೆ ನನ್ನನ್ನು ನೋಡಿದನು. ಆಮೇಲೆ, "ಹೂಂ ಮೇಡಂ, ನಾನೇ ಕೈಯಾರೆ ತೆಗ್ದೆ" ಎಂದನು. ಕೊಳವೆಯಿಂದ ಕಲ್ಲು ಕಳಚಿ ಬಾಕ್ಸಿಗೆ ಹಾಕುವವನು ಡ್ರಿಲ್ಲರ್. ಏನು ಬಂತು, ಏನು ಬರಲಿಲ್ಲ ಎಂಬುದು ಅವನಿಗೆ ಗೊತ್ತಿಲ್ಲದೆ ಇರುವುದಿಲ್ಲ. ಇದು ಆ ಕ್ಷಣದಲ್ಲೇ ನನಗೆ ಹೊಳೆಯಿತು. ಆದರೂ ನಾನು ಪೊರಕೆ ತೆಗೆದುಕೊಂಡು ನೆಲ ಗುಡಿಸುತ್ತಾ ನಿಂತೆನು. ಮನೆಯಲ್ಲಿಯೂ ಅವನು ಈ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

29-03ರಂದು ಲ್ಯಾಬಿನಿಂದ ಒಳ್ಳೆಯ ಫಲಿತಾಂಶ ಬಂದಿತು. 12ನೇ ಬೋರಿನ ಸುತ್ತ 50 ಮೀಟರ್ ಅಂತರದಲ್ಲಿ ಮೂರು ಹೊಸ ಬೋರು ಕೊರೆದರು. ಕೊರೆದವನು ನನ್ನ ತಮ್ಮನೇ. ಏನೂ ಇಲ್ಲವೆಂದು ಗೊತ್ತಿದ್ದ ಜಾಗದಲ್ಲಿ ಅವನು ಆರು ವಾರ ದಿನವೂ ಹೋಗಿ ಕೊರೆದನು. ನಾನು ಊಟದ ಡಬ್ಬಿ ಕಟ್ಟಿಕೊಟ್ಟೆನು. ಮೂರರಲ್ಲೂ ಬೂದು ಕಲ್ಲೇ ಬಂದಿತು. 14-05ರಂದು ಮೇಡಂ ಅನುಮಾನಗೊಂಡು, ಸುತ್ತ ಅದಿರು ಇದ್ದರೆ ವಿದ್ಯುತ್ತಿನಿಂದ ಪತ್ತೆ ಹಚ್ಚುವ ಉಪಕರಣವನ್ನು 12ನೇ ಬೋರಿನೊಳಗೆ ಇಳಿಸಿದರು. ಅದು 140 ಮೀಟರಿನಲ್ಲೂ 145ರಲ್ಲೂ ತೆಪ್ಪಗಿತ್ತು. ಮರುದಿನ ದೂರು ದಾಖಲಾಯಿತು.

ಆ ದಿನ ಠಾಣೆಯ ಸಾಹೇಬರು, ಶೆಡ್ಡಿನ ಎರಡನೇ ಕೀಲಿಕೈ ಯಾರ ಬಳಿ ಇರುತ್ತದೆ ಎಂದು ಕೇಳಿದಾಗ ತಮ್ಮನ ಬಳಿ ಎಂದೆನು. ಬಾಕ್ಸ್ ತಂದವರು ಯಾರು ಎಂದಾಗ ತಮ್ಮ ಎಂದೆನು. ಕಲ್ಲು ತನ್ನ ಬೋರಿನದೇ ಎಂದು ಹೇಳಿದವನು ಯಾರು ಎಂದಾಗಲೂ ತಮ್ಮ ಎಂದೆನು. ಒಂದೂ ಸುಳ್ಳಲ್ಲ. ಆ ಮೂರು ನಿಜಗಳ ಮೇಲೆಯೇ 16-05ರಂದು ಅವನನ್ನು ಬಂಧಿಸಿದರು. ಅಂದಿನಿಂದ ಅವನ ಹೆಂಡತಿ ನನಗೆ ಒಂದು ಲೋಟ ನೀರು ಕೊಟ್ಟಿಲ್ಲ. ಕೊಡದಿರುವುದು ಸರಿಯಾಗಿಯೇ ಇರುತ್ತದೆ.

ಈ ದಿನ ಬೆಳಿಗ್ಗೆ 9.10ಕ್ಕೆ ಅವನಿಗೆ ಬಟ್ಟೆ ಕೊಡಲು ಠಾಣೆಗೆ ಬಂದೆನು. ಮೂರು ಅಡಿ ದೂರದಲ್ಲಿ ಪೇದೆ ಇದ್ದರು. ತಮ್ಮನು ಕಂಬಿಯ ಹತ್ತಿರ ಬಂದು, "ಅಕ್ಕಾ, ನಂಗೆ ಅವತ್ತೇ ಗೊತ್ತಾಯ್ತು. ಇಷ್ಟೆಲ್ಲಾ ಯಾಕೆ ಮಾಡ್ದೆ? ಹೋಗ್ಬೇಡ್ವೋ ಅಂತ ಬಾಯಿಬಿಟ್ಟು ಒಂದು ಮಾತು ಹೇಳಿದ್ರೆ ಉಳ್ಕೋತಿದ್ನಲ್ಲ" ಎಂದನು. ನಾನು ಬಟ್ಟೆಯ ಗಂಟನ್ನು ಪೇದೆಯ ಕೈಗೆ ಕೊಟ್ಟೆನು. 9.25ಕ್ಕೆ ಸಾಹೇಬರ ಕೋಣೆಗೆ ಹೋಗಿ ಹೇಳಿಕೆ ಬರೆದುಕೊಳ್ಳಿ ಎಂದು ಕೇಳಿಕೊಂಡೆನು.

ಕಲ್ಲು ಬಿದ್ದದ್ದರಿಂದ ಗೊತ್ತಾಗದೆ ಅದಲುಬದಲಾಯಿತು ಎಂದು ಬರೆದರೆ ನನಗೆ ಹಗುರವಾಗುತ್ತದೆ ಎಂದು ಸಾಹೇಬರು ತಿಳಿಸಿದರು. ಬಿದ್ದದ್ದು ಗೊತ್ತಾಗದೆ, ಇಟ್ಟದ್ದು ಗೊತ್ತಿದ್ದೇ ಎಂದು ಬರೆಯಲು ಹೇಳಿದ್ದೇನೆ. ತಮ್ಮನು ಹೇಳಿದ ಸುಳ್ಳು ನನ್ನನ್ನು ಉಳಿಸಲು ಹೇಳಿದ್ದು, ಅವನು ಆ ಕಲ್ಲುಗಳನ್ನು ಮುಟ್ಟಿರುವುದಿಲ್ಲ. ಅವನನ್ನು ಬಿಟ್ಟ ಕೂಡಲೇ ಅವನು ಹೆಂಡತಿಯೊಂದಿಗೆ ಆ ದೂರದ ಕ್ಯಾಂಪಿಗೆ ಹೋಗಬೇಕು, ನಾನು ತಡೆಯುವುದಿಲ್ಲ ಎಂಬುದನ್ನೂ ಬರೆಯಿರಿ ಎಂದಾಗ, ಅದು ಕೇಸಿಗೆ ಸಂಬಂಧಪಟ್ಟದ್ದಲ್ಲ ಎಂದರು. ಸ್ವಾಮಿ, ಅದೊಂದೇ ಸಂಬಂಧಪಟ್ಟದ್ದು ಎಂದೆನು. ಬರೆದುಕೊಂಡಿರುತ್ತಾರೆ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದ್ದು, ನಾನು ಹೇಳಿದಂತೆಯೇ ಇರುತ್ತದೆ. ಯಾರ ಬಲವಂತವೂ ಇಲ್ಲದೆ, ಈ ಸಲ ಏನನ್ನೂ ಬಿಡದೆ, ನಿಜವನ್ನೇ ಹೇಳಿರುತ್ತೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 21-05, ಬೆಳಿಗ್ಗೆ 11.50
ಹೇಳಿಕೆದಾರಳ ಸಹಿ