ಸತ್ಯಭಾಮಳ ತೂಕ

ಅಯ್ಯೋ, ಬೇಜಾರೇನಿಲ್ಲ ಸೌಮ್ಯ ಮೇಡಂ. ಹೇಳದೆ ಬಂದ್ರೆ ಏನಂತೆ, ಕೂತ್ಕೊಳ್ಳಿ. ತೂಕ ಇಳಿಸೋ ಆ್ಯಪಿನೋರು ನೀವು, ಫೋನಿನ ಆ ಕಡೆಯಿಂದಲೇ ನನ್ನ ಹೆಂಡತೀನ ಇಷ್ಟು ವರ್ಷ ನೋಡ್ಕೊಂಡೋರು, ಪದ್ಮನಾಭನಗರದ ತನಕ ಹುಡುಕ್ಕೊಂಡು ಬಂದ್ರಲ್ಲ. ಸತ್ಯಭಾಮ ಮನೇಲಿಲ್ಲ... ಹಾಸನಕ್ಕೆ, ತಂಗಿ ಮನೆಗೆ ಹೋಗಿದ್ದಾಳೆ.

ಅವಳ ತೂಕ ಇಷ್ಟು ಬೇಗ ಇಳೀಬಾರದು, ಅದಕ್ಕೇ ಬಂದೆ ಅಂತೀರಿ. ನಿಜ. ಇಳಿಸೋಕೆ ಅವಳು ಪಟ್ಟ ಪಾಡು ನನಗೆ ಗೊತ್ತು. ಮದುವೆಮನೇಲಿ ಪಂಕ್ತಿಗೆ ಕೂತ್ರೆ ಯಾರಾದ್ರೂ ಒಬ್ಬರು ಅವಳ ಎಲೆ ನೋಡಿ ನಗೋರು. ಹೋಳಿಗೆ ಬೇಡ ಅಂತ ಎದ್ದು ಬರೋಳು. ಮನೆಗೆ ಬಂದು, ಅಡುಗೆಮನೇಲಿ ಲೈಟೂ ಹಾಕದೆ, ನಿಂತ್ಕೊಂಡೇ ಮಿಕ್ಕಿದ್ದ ಅನ್ನ ತಿನ್ನೋಳು. ನಾನು ನೋಡಿದ್ರೂ ನೋಡದ ಹಾಗೆ ಇರ್ತಿದ್ದೆ.

ಯಾಕೆ ನಗ್ತೀರಿ? ಓ, ಚಕ್ಕುಲಿ ನೆನಪಾಯ್ತಾ? ಹೌದು. ತಿನ್ನೋ ಮುಂಚೆ ಒಂದು ಗಳಿಗೆ ನಿಂತು, ಮನಸ್ಸಲ್ಲಿ ಏನಿದೆಯೋ ಬರೀರಿ ಅನ್ನುತ್ತಲ್ಲ ನಿಮ್ಮ ಆ್ಯಪು. 'ಓರಗಿತ್ತಿ ಮೇಲೆ ಸಿಟ್ಟು. ಆದ್ರೆ ಚಕ್ಕುಲಿ ಕಳಿಸಿದ್ದೂ ಅವಳೇ' ಅಂತ ಬರೆದ್ಲು. ನನಗೆ ಓದಿ ಹೇಳಿ ತಾನೇ ನಕ್ಕು, ಡಬ್ಬ ಮುಚ್ಚಿಟ್ಲು.

ಆಮೇಲೆ ಇಳಿದಿದ್ದೆಲ್ಲ ವಾಪಸ್ ಬಂತು. ತೂಕದ ಮಿಷನ್ನು ಮಂಚದ ಕೆಳಗೆ ಹೋಯ್ತು. ನೀವು ಫೋನ್ ಮಾಡಿ, ಮತ್ತೆ ಏರೋದು ಸೋಲಲ್ಲ, ಇದು ವರ್ಷಗಟ್ಟಲೆ ಮಾಡೋ ಕೆಲಸ ಅಂದ್ರಂತೆ. ಮಾರನೇ ದಿನ ಅದನ್ನ ಒರೆಸಿ ಹೊರಗಿಟ್ಲು. ಹನುಮಂತನಗರದ ಗುಡ್ಡ ಹತ್ತೋಕೆ ನನ್ನನ್ನೂ ಎಳ್ಕೊಂಡು ಹೋಗೋಳು. ಅರ್ಧಕ್ಕೇ ಏದುಸಿರು ಬಿಡ್ತಿದ್ದೋನು ನಾನೇ.

ಅವಳ ಹತ್ರ ಮಾತಾಡಬೇಕಾ? ಫೋನ್ ಇಲ್ಲೇ ಮರೆತು ಹೋಗಿದ್ದಾಳೆ... ಇವತ್ತು ಬೆಳಿಗ್ಗೆ ತೂಕ ಬಂದಿದೆಯಾ ನಿಮಗೆ? ಅದು... ಹತ್ತಿ ನಿಂತ್ರೆ ತಾನಾಗೇ ಫೋನಿಗೆ, ಅಲ್ಲಿಂದ ನಿಮಗೆ ತೂಕ ಕಳಿಸೋ ಮಿಷನ್ನು, ಒಂದೊಂದು ಸಲ ಏನೇನೋ...

ಯಾಕೆ ಹಾಗೆ ನೋಡ್ತಿದ್ದೀರಿ? ಶರ್ಟು ಹಳೇದು, ಅದಕ್ಕೇ ಸಡಿಲ.

ಹಾಸನದಲ್ಲಿಲ್ಲ ಅವಳು, ಮೇಡಂ.

ಶ್ರಾವಣದಲ್ಲಿ ಅವಳಿಗೆ ಡೆಂಗಿ ಬಂತು. ಆಸ್ಪತ್ರೆಗೆ ಸೇರಿಸಿ ಒಂದು ವಾರ ಕೂಡ ಆಗಿರ್ಲಿಲ್ಲ, ಹೋಗ್ಬಿಟ್ಲು. ತೂಕಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದ್ರು ಡಾಕ್ಟ್ರು. ಆದ್ರೂ ಮಸಣದ ಹತ್ರ ಯಾರೋ, ದಪ್ಪ ಇದ್ರಲ್ಲ, ಅಂದಿದ್ದು ಕಿವಿಗೆ ಬಿತ್ತು.

ಕರ್ಮ ಎಲ್ಲ ಮುಗಿದು ನೆಂಟರು ಹೊರಟ ಮೇಲೆ ಅವಳ ಫೋನ್ ಸದ್ದಾಯ್ತು. 'ಸತ್ಯಭಾಮ ಅವರೇ, ಊಟ ಆಯ್ತಾ?' ನಿಮ್ಮದೇ ಮೆಸೇಜು. 'ಇಲ್ಲ' ಅಂತ ಒತ್ತಿದೆ. 'ಯಾಕೆ?' ಅಂದ್ರಿ. ಅಷ್ಟು ದಿನದಲ್ಲಿ ಯಾಕೆ ಅಂತ ಯಾರೂ ಕೇಳಿರ್ಲಿಲ್ಲ... ಮಾರನೇ ದಿನ ಮಿಷನ್ ಮೇಲೆ ನಿಂತೆ. ನಾನೂ ಅವಳೂ ಹೆಚ್ಚುಕಮ್ಮಿ ಒಂದೇ ತೂಕ. ಅದಕ್ಕೆ ಗೊತ್ತಾಗ್ಲಿಲ್ಲ, ನಿಮಗೂ.

ಇಳೀತಿರೋದು ನನ್ನ ತೂಕ, ಮೇಡಂ.

ಆ್ಯಪಿಂದ ಅವಳ ಹೆಸರು ತೆಗೀಬೇಕಾಗುತ್ತೆ, ಅಲ್ವಾ? ತೆಗೀರಿ. ನಾಳೆ ಮಾತ್ರ... ನಾಳೆ ಒಂದು ಸಲ, ಊಟ ಆಯ್ತಾ ಅಂತ ಕೇಳಿ.