ಬದಲಿ ಡ್ರಮ್ಮರ್

...ಹಲ್ಲು ಕಚ್ಚಿಕೊಂಡು ನಗಬೇಡ, ಥರ್ಮನ್! ಇದೇನು ನಗೋ ವಿಷಯವಾ? ಇವತ್ತು ಬೆಳಗ್ಗೆ ಕೆಲಸಕ್ಕೆ ಅಂತ ಮನೆ ಬಿಟ್ಟವನನ್ನ ಹಿಡಿದು, ಕಾರಿನ ಬಾಗಿಲ ಸಂದಿಗೆ ಎಡಗೈ ತುರುಕಿ, ಬಾಗಿಲು ಒದ್ದು ಮುಚ್ಚಿ... ಥೂ! ಮನುಷ್ಯರಾ ಅವರು? ಸಿಗಲಿ ಈ ಓಡೆಲ್ ಕೈಗೆ. ತಲೆಬುರುಡೇನೇ ಡ್ರಮ್ ಮಾಡ್ಕೊಂಡು ಬಾರಿಸ್ತೀನಿ, ಕಿವೀಲಿ ರಕ್ತ ಕಿತ್ಕೊಂಡು ಬರೋ ತನಕ ಬಾರಿಸ್ತೀನಿ!

ಏನು, ಮೆಲ್ಲಗೆ ಮಾತಾಡಬೇಕಾ? ನರ್ಸಮ್ಮ ಬೈದರೆ ಬೈಯಲಿ ಬಿಡೋ.

ಆ ಎಡಗೈ, ಮಾರಾಯ... ಕಾನ್ಸಸ್ ಸಿಟಿಯಿಂದ ಲಾಸ್ ಏಂಜಲೀಸಿಗೆ ಇಬ್ಬರೂ ಒಂದೇ ಬಸ್ಸಲ್ಲಿ ಬಂದಾಗ ನಿನಗಿದ್ದ ಆಸ್ತಿ ಅದೊಂದೇ. ಸೆಂಟ್ರಲ್ ಅವೆನ್ಯೂ ಕ್ಲಬ್ಬಲ್ಲಿ ಕುಡುಕರು ಬಾಟಲಿ ಒಡೆದು ಒಬ್ಬರನ್ನೊಬ್ಬರು ಚುಚ್ಚೋಕೆ ನಿಂತಿರೋರು. ನೀನು ಡ್ರಮ್ಮಿನ ಮೇಲೆ ಎಡಗೈಲಿ ಸಣ್ಣಗೆ ಶುರುಮಾಡಿದರೆ ಎತ್ತಿದ ಬಾಟಲಿ ಎತ್ತಿದ ಹಾಗೇ ನಿಂತುಬಿಡೋದು! ನಾನು ಬಾರಿಸಿದರೆ ಜಗಳ ಇನ್ನೂ ಜೋರಾಗೋದು. ಹ್ಹ! ಈಗ ನಗು ನೋಡೋಣ... ನಗಲ್ವಾ? ಬಿಡು.

ಆಮೇಲೆ ಸ್ಟುಡಿಯೋ. ಬೆಳಗ್ಗೆ ಸೋಪಿನ ಜಾಹೀರಾತು, ಮಧ್ಯಾಹ್ನ ಕೌಬಾಯ್ ಸಿನಿಮಾ, ಸಂಜೆ ಆ ಕೂದಲು ಬಿಟ್ಟ ಹುಡುಗರ ಹಾಡು. ಬಾರಿಸೋನು ನೀನು, ರೆಕಾರ್ಡಿನ ಕವರ್ ಮೇಲೆ ಕೋಲು ಹಿಡಿದು ಹಲ್ಲು ಕಿರಿಯೋನು ಇನ್ಯಾವನೋ! ಅವನೇ ಮಾಡಿಸಿರಬೇಕು ಕಣೋ. ಅವನ ಗುಟ್ಟು ನಿನ್ನ ಹತ್ರ ಇತ್ತಲ್ಲ! ಆ ಹಲ್ಲು ಒಂದೊಂದಾಗಿ ಕೀಳ್ತೀನಿ, ನೋಡ್ತಿರು.

ಡಾಕ್ಟರ್ ಏನಂದ? ಮತ್ತೆ ಕೋಲು ಹಿಡೀಬಹುದಂತಾ?

...ಇಲ್ವಾ?

ಪೂರ್ತಿ ಇಲ್ವಾ?

ಅಯ್ಯೋ... ಅವರಿಗೇನು ಗೊತ್ತು? ಮೂಳೆ ಕೂಡುತ್ತೆ ಬಿಡು, ಕೂಡೇ ಕೂಡುತ್ತೆ.

ರೆಕಾರ್ಡಿಂಗ್ ನಿಲ್ಲಲಿಲ್ಲ, ಆ ಚಿಂತೆ ಬೇಡ. ಒಂಬತ್ತೂವರೆಗೆ ಫೋನು... ಥರ್ಮನ್ನನ ಕೈ ಹೋಯ್ತು, ಹತ್ತಕ್ಕೆ ನೀನು ಬಂದು ಕೂತ್ಕೋ ಅಂತ. ಎದ್ದು ಬಿದ್ದು ಓಡಿದೆ. ನಿನ್ನ ಜಾಗಕ್ಕೆ ಹೊರಗಿನವನು ಯಾಕೆ ಬರಬೇಕು? ನಿನ್ನ ಡ್ರಮ್ಮಿಗೆ ಬೆರಳೂ ತಾಗಿಸಿಲ್ಲ, ನಮ್ಮಮ್ಮನಾಣೆ! ಇನ್ನೊಬ್ಬ ಬಿಗಿದ ಡ್ರಮ್ ಬಾರಿಸೋನಲ್ಲ ನಾನು. ನಿನ್ನದನ್ನ ಗೋಡೆ ಪಕ್ಕ ಸರಿಸಿ, ನನ್ನದನ್ನೇ ಹಾಕಿಸಿ...

ಯಾಕೆ ಹಾಗೆ ನೋಡ್ತೀಯ? ಇದರಲ್ಲೇನಿದೆ? ಡ್ರಮ್ ಹಿಂದಿನ ಸಂಜೆಯೇ ಲಾರಿ ಹತ್ತಿ ಸ್ಟುಡಿಯೋ ಸೇರಬೇಕು, ಬೆಳಗ್ಗೆ ನಾವು ಬರೀ ಕೋಲು ಹಿಡ್ಕೊಂಡು ಹೋಗಬೇಕು, ಎಲ್ಲಾ ಡ್ರಮ್ಮರ್‌ಗಳೂ ಮಾಡೋದು ಹಾಗೇ ತಾನೆ? ಲಾರಿ ಓಡಿಸೋ ಹರ್ಷೆಲ್ ನಿನ್ನೆ ಸಂಜೆ ನಿನ್ನದನ್ನ ಹೇರ್ಕೊಂಡು ನೆಟ್ಟಗೆ ನಮ್ಮನೆಗೆ ಬಂದ, ನನ್ನದನ್ನೂ ಅದರ ಪಕ್ಕಕ್ಕೆ...

...

ನಿನ್ನೆ ಅಂದೆನಾ? ಇವತ್ತು. ಇವತ್ತು ಬೆಳಗ್ಗೆ... ಫೋನ್ ಬಂದ ಮೇಲೆ. ಬಾಯಿ ತಪ್ಪಿ ಬಂತು ಕಣೋ.

ಥರ್ಮನ್.

ಹಾಗೆ ನೋಡಬೇಡ. ಬೈಯೋ! ಮುಖಕ್ಕೆ ಉಗಿಯೋ! ಆ ನೀರಿನ ಜಗ್ಗು ತಗೊಂಡು ತಲೆ ಒಡಿ, ಬಲಗೈ ಚೆನ್ನಾಗೇ ಇದೆಯಲ್ಲ... ಸುಮ್ಮನಿರಬೇಡ, ಏನಾದರೂ ಮಾಡೋ...

ಕಾಲು ಅಂದಿದ್ದೆ ಕಣೋ ಅವರಿಗೆ. ಕಾಲು! ಕೈ ಅಂದಿರಲಿಲ್ಲ.