ಮಗುವಿಗೂ ಮುಯ್ಯಾಳು

ಬಾಳೆಹೊನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಭಾಗೀರಥಮ್ಮ ಚೀಲ ಸರಿಸಿ ಜಾಗ ಕೊಟ್ಟ ಮೇಲೆ, ತೋಟದ ಕೆಲಸದ ನಾಲ್ವರು ಹೆಂಗಸರು ಪಕ್ಕದಲ್ಲಿ ಕೂತರು. ಅವರಲ್ಲಿ ಚಿಕ್ಕವಳು ಅತ್ತಿದ್ದಳೆಂದು ಕಾಣುತ್ತಿತ್ತು; ಅವಳು ಪಕ್ಕದ ಗುಡ್ಡಮ್ಮನ ಕಡೆ ತಿರುಗಿದಳು.

“ಗುಡ್ಡಕ್ಕ, ಮಕ್ಕಳ ಕಲ್ಯಾಣ ಸಮಿತಿಯವ್ರು ನನ್ನ ಪಾಪುನ ವಾಪಸ್ ಕೊಡದಿದ್ರೆ?”

“ಯಾಕೆ ಕೊಡಲ್ಲ ಶಾಲಿನಿ? ಮನೇಲಿ ಒಂದೇ ಇತ್ತು ಅಂತ ತಾನೆ ಬಾಲಮಂದಿರಕ್ಕೆ ಕರ್ಕೊಂಡು ಹೋದದ್ದು? ಇನ್ಮೇಲೆ ಒಂದೇ ಇರಲ್ಲ.”

“ನಾನು ಕೆಲಸಕ್ಕೆ ಹೋದಾಗ ಯಾರು ನೋಡ್ಕೊಳ್ತಾರೆ ಅಂತ ಕೇಳ್ತಾರಲ್ಲ?”

“ಮುಯ್ಯಾಳು ಅನ್ನು. ನಟ್ಟಿಗೆ ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗಲ್ವಾ? ಹಂಗೇ ದಿನಕ್ಕೊಬ್ಬಳು ನೋಡ್ಕೊಳ್ತೀವಿ. ಅದನ್ನ ಹೇಳೋಕೇ ಅಲ್ವಾ ಮಾರಾಯ್ತಿ, ಎಲ್ಲರೂ ಕೂಲಿ ಬಿಟ್ಟು ಹೊರಟದ್ದು?”

“ಇಷ್ಟು ಜನರ ಮುಯ್ಯಿ ಹೆಂಗೆ ತೀರಿಸ್ಲಿ ಅಕ್ಕ?”

“ನಾಳೆ ಇನ್ನೊಬ್ಬಳ ಮಗೂನ ಬಾಲಮಂದಿರಕ್ಕೆ ಕರ್ಕೊಂಡು ಹೋದ್ರೆ, ನೀನೂ ಹಿಂಗೇ ಬಸ್ ಹತ್ತು.”

ಚಿಕ್ಕಮಗಳೂರಿನ ಬಸ್ಸು ಬಂತು. ಗುಡ್ಡಮ್ಮ ತನ್ನ ಸೆರಗಿನಲ್ಲಿ ಶಾಲಿನಿಯ ಮುಖ ಒರೆಸಿ, ಅವಳನ್ನೇ ಮೊದಲು ಹತ್ತಿಸಿದಳು.